ಮೂಲೆಯಲ್ಲಿ ಎರಡು ಬೆಳಕು

ಎಲಿಹಿಯೊ ಬೆನ್ನ ಮೇಲೆ ಫ್ರಿಜ್ ಹೊತ್ತು ಮೂರು ಮಹಡಿ ಹತ್ತುವ ಆಸಾಮಿ. ಸಿಯುದಾದ್ ದೆಲ್ ಎಸ್ತೆ ಎಂಬ ಊರಿನ ಪೇಟೆಯಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿರಲಿಲ್ಲ, ಅವನಷ್ಟು ಪುಕ್ಕಲನೂ ಇನ್ನೊಬ್ಬನಿರಲಿಲ್ಲ. ಕತ್ತಲಾಯಿತೆಂದರೆ ಹಿತ್ತಲಿಗೂ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡೇ ಹೋಗುತ್ತಿದ್ದ.

ಅಂಥವನಿಗೆ ಹೊಸ ಲ್ಯಾಪ್‌ಟಾಪ್ ಬೇಕಾಗಿತ್ತು, ಅವತ್ತೇ. ಸಂಜೆ ಓಣಿ ತಂಡಗಳ ಗೇಮ್ ಪಂದ್ಯ. ಹೋದ ಸಲ ಹಳೇ ಲ್ಯಾಪ್‌ಟಾಪಿನ ಮಂಕು ಸ್ಕ್ರೀನಿನಲ್ಲಿ ಏನೂ ಕಾಣದೆ, ಆಟದ ಗುಹೆಯೊಳಗೆ ತನ್ನ ನಾಯಕನಿಗೇ ಗುಂಡು ಹೊಡೆದಿದ್ದ. ನಾಯಕ ಬೇರಾರೂ ಅಲ್ಲ, ಅಕ್ಕನ ಗಂಡ ಡಿಗ್ನೊ.

"ಇನ್ನೊಂದ್ಸಲ ಹಿಂಗಾದ್ರೆ ನೀನು ಆಡೋದೇ ಬೇಡಪ್ಪ," ಅಂದಿದ್ದ ಡಿಗ್ನೊ. "ಮೂಲೇಲಿ ಕೂತು ನಮ್ಗೆಲ್ಲ ತೆರೆರೆ ಬಗ್ಗಿಸ್ಕೊಡು."

ಒಣಎಲೆ ತುಂಬಿದ ಕೊಂಬಿನ ಲೋಟಕ್ಕೆ ತಣ್ಣೀರು ಹುಯ್ದು ತೆರೆರೆ ಪಾನೀಯ ಸರಬರಾಜು ಮಾಡುವುದು ಕೂಟದಲ್ಲಿ ಎಲ್ಲರಿಗಿಂತ ಚಿಕ್ಕವರ ಕೆಲಸ. ಎಲಿಹಿಯೊನ ಮೀಸೆ ನರೆತಿತ್ತು.

ಅಂಗಡಿಯ ನಿಮಿಯಾ ಎರಡು ಲ್ಯಾಪ್‌ಟಾಪ್ ತೆರೆದಿಟ್ಟಳು.

"ಇದ್ರ ಸ್ಕ್ರೀನಲ್ಲಿ ಪಿಕ್ಸೆಲ್ ಚುಕ್ಕಿ ನಾಲ್ಕು ಪಟ್ಟು. ಮರದ ಎಲೆ ಎಣಿಸ್ಬೋದು. ಆದ್ರೆ ಅಷ್ಟು ಚುಕ್ಕಿ ಬಿಡಿಸೋಕೆ ಮಿಷನ್ನು ಏದುಸಿರು ಬಿಡುತ್ತೆ. ನೀನು ತಿರುಗೋಷ್ಟ್ರಲ್ಲಿ ಹೊಡೆದು ಹೋಗಿರ್ತಾರೆ. ಎಲೆ ಎಣಿಸ್ತಾ ಸಾಯ್ತೀಯಾ?"

"ಬ್ಯಾಡಕ್ಕ."

"ಹಂಗಾದ್ರೆ ಇದು. ಚುಕ್ಕಿ ಕಮ್ಮಿ, ಓಟ ಜಾಸ್ತಿ. ಸ್ಕ್ರೀನಿನ ಹಿಂದಿನ ದೀಪಾನೂ ಜೋರಾಗಿದೆ. ಕತ್ತಲಲ್ಲಿ ನೋಡ್ಕೊಂಡೇ ತಗೋ. ನಾಳೆ ಬಂದು ಅತ್ರೆ ನಾನು ಕೇಳಲ್ಲ."

ಆ ಅಂಗಡಿಯ ಪದ್ಧತಿಯೇ ಹಾಗೆ; ಸ್ಕ್ರೀನಿನ ದೋಷ ಕತ್ತಲಲ್ಲೇ ಕಾಣುವುದು. ಸ್ಕ್ರೀನಿನ ತುಂಬ ಕಪ್ಪು ಚಿತ್ರ ಹಾಕಿ, ಗಿರಾಕಿಯನ್ನೂ ಲ್ಯಾಪ್‌ಟಾಪನ್ನೂ ಸೇರಿಸಿ ಮೇಲೆ ದಪ್ಪ ಕಂಬಳಿ ಹೊದಿಸುತ್ತಿದ್ದರು.

"ಜೊತೆಗೆ ನೀನೂ ಬಾರಕ್ಕ."

"ಥೂ, ನನ್ನ ಗಂಡ ನೋಡಿದ್ರೆ ಏನಂದ್ಕೊಂಡಾನು! ನುಗ್ಗು ಒಳಗೆ."

ಮಟಮಟ ಮಧ್ಯಾಹ್ನ ಕಂಬಳಿಯೊಳಗೆ ಅಮಾವಾಸ್ಯೆ. ಪೇಟೆಯ ಗಲಾಟೆ ಎಲ್ಲೋ ದೂರವಾಯಿತು. ಎಲಿಹಿಯೊ ಒಂದು ಕಣ್ಣು ತೆರೆದ. ಕಪ್ಪು. ಇನ್ನೊಂದನ್ನೂ ತೆರೆದ. ಸ್ಕ್ರೀನಿನ ಎಡಗಡೆಯ ಕೆಳಮೂಲೆಯಲ್ಲಿ, ಅಕ್ಕಪಕ್ಕ, ಹಳದಿ ಬೆಳಕು ಎರಡು. ಅವನನ್ನೇ ನೋಡುತ್ತಿದ್ದವು.

ಇದು ಅವನೇ, ರಾತ್ರಿ ತಿರುಗುವ ಆ ಭೂತ. ಕುಳ್ಳ, ಮೈತುಂಬ ಕೂದಲು, ಕತ್ತಲಲ್ಲಿ ಸದ್ದಿಲ್ಲದೆ ಓಡಾಡುವವನು. ಕತ್ತಲಲ್ಲಿ ಅವನ ಹೆಸರೆತ್ತುವಂತಿಲ್ಲ. ಹೊಗೆಸೊಪ್ಪು, ಸಾರಾಯಿ ಇಟ್ಟರೆ ಕಾಪಾಡುತ್ತಾನೆ. ಒಮ್ಮೆ ಇಟ್ಟು ಆಮೇಲೆ ನಿಲ್ಲಿಸಿದರೆ ಬೆನ್ನು ಹತ್ತುತ್ತಾನೆ ಎನ್ನುತ್ತಿದ್ದಳು ಅಜ್ಜಿ. ಎಲಿಹಿಯೊ ಜೇಬಿನ ಹೊಗೆಸೊಪ್ಪು ತೆಗೆದು ಆ ಮೂಲೆಯ ಕೆಳಗೆ ಇಟ್ಟ. ಕಂಬಳಿಯಿಂದ ಹೊರಬಿದ್ದಾಗ ಬೆವರಿನಲ್ಲಿ ಅದ್ದಿ ತೆಗೆದಂತಿದ್ದ.

ನಿಮಿಯಾ ಇಣುಕಿ ನೋಡಿದಳು. "ಅಯ್ಯೋ, ಅಂಚಿಂದ ದೀಪದ ಬೆಳಕು ಸೋರ್ತಿದೆ ಅಷ್ಟೆ. ಚೌಕಟ್ಟು ಬಿಗಿಯಾಗಿದ್ರೆ ಹಂಗಾಗುತ್ತೆ. ಇರು, ಬೇರೇದು ಕೊಡ್ತೀನಿ."

"ಹೊಗೆಸೊಪ್ಪು ಕೊಟ್ಟಾಯ್ತಕ್ಕ."

ಅವಳ ಮುಖದ ನಗು ಆರಿತು. ಎದೆಯ ಮೇಲೆ ಶಿಲುಬೆ ಗೀರಿಕೊಂಡಳು. "ಕೊಟ್ಬಿಟ್ಯಾ? ಹಂಗಾದ್ರೆ ಇದನ್ನೇ ತಗೊಂಡೋಗು ಮಾರಾಯ. ನನ್ನ ಅಂಗಡೀಲಿ ಬಿಡ್ಬೇಡ!"

ಸಂಜೆ ಡಿಗ್ನೊನ ಮನೆಯಲ್ಲಿ ದೀಪ ಆರಿಸಿ ಆಟಕ್ಕೆ ಕೂತರು. ಎಲಿಹಿಯೊ ಆ ಹೊಗೆಸೊಪ್ಪನ್ನು ಮತ್ತೆ ಸ್ಕ್ರೀನಿನ ಮೂಲೆಯ ಕೆಳಗೇ ಇಟ್ಟಿದ್ದ. ಗುಹೆ ಬಂತು. ಎಲ್ಲರ ಕಣ್ಣು ಎದುರಿನ ಬಾಗಿಲ ಮೇಲೆ. ಎಲಿಹಿಯೊನ ಕಣ್ಣು ಮಾತ್ರ ಆ ಕೆಳಮೂಲೆ ಬಿಟ್ಟು ಕದಲಲಿಲ್ಲ; ಕದಲಿಸುವ ಧೈರ್ಯವೇ ಇರಲಿಲ್ಲ. ಅದೇ ಮೂಲೆಯಿಂದ ಒಂದು ಕಾಲು ತೆವಳಿ ಬಂತು. ಎಲಿಹಿಯೊ ಕಿಟಾರನೆ ಕಿರುಚಿ ಇದ್ದಬದ್ದ ಗುಂಡೆಲ್ಲ ಅಲ್ಲಿಗೇ ಸುರಿದ. ಎದುರಾಳಿಗಳು ಮೂವರೂ ಸಾಲಾಗಿ ಅದೇ ದಾರಿಯಲ್ಲಿ ತೆವಳಿಕೊಂಡು ಬರುತ್ತಿದ್ದರು. ಮೂವರೂ ಸತ್ತರು. ಪಂದ್ಯ ಮುಗಿಯಿತು.

"ಭಲೆ ಭಾವಮೈದ! ನಮ್ಗ್ಯಾರ್ಗೂ ಕಾಣದ್ದು ನಿಂಗೆ ಹೆಂಗೋ ಕಾಣ್ತು?" ಡಿಗ್ನೊ ಅವನ ಬೆನ್ನಿಗೆ ಗುದ್ದಿದ. "ಇನ್ಮೇಲೆ ನೀನೇ ಮುಂದೆ. ಅದೇನದು ಕಸ?" ಎಂದು ಹೊಗೆಸೊಪ್ಪು ಕೊಡವಲು ಕೈ ಚಾಚಿದ.

ಎಲಿಹಿಯೊ ಆ ಕೈ ಹಿಡಿದ. "ಮುಟ್ಬೇಡ ಭಾವ. ಅದು ನಂದಲ್ಲ."

ಆಟ ಮುಗಿದು ಸ್ಕ್ರೀನು ಕಪ್ಪಾಗಿತ್ತು. ಡಿಗ್ನೊ ಮೂಲೆ ನೋಡಿದ. ಮೂಲೆ ಡಿಗ್ನೊನನ್ನು ನೋಡಿತು.

ಅವನು ಎದ್ದು ಹೋಗಿ, ತಾನೇ ಕೊಂಬಿನ ಲೋಟಕ್ಕೆ ತೆರೆರೆ ಬಗ್ಗಿಸಿ ತಂದು, ಎರಡೂ ಕೈಯಲ್ಲಿ ಹಿಡಿದು ಸ್ಕ್ರೀನಿನ ಎಡಗಡೆ ಇಟ್ಟ.

"ಮನೇಲಿ ಸಾರಾಯಿ ಇಲ್ಲ ಕಣೋ," ಎಂದು ಎಲಿಹಿಯೊನ ಕಿವಿಯಲ್ಲಿ ಉಸುರಿದ. "ಇದು ನಡಿಯುತ್ತಾ, ಕೇಳು."