ಮಹಡಿಯ ಮೇಲೊಂದು ಕೆರೆ

ಗಾಜಿನ ತೊಟ್ಟಿಯಲ್ಲಿ ನೀರು ಓರೆಯಾಗಿ ನಿಂತಿತ್ತು. ನೀರು ಎಂದೂ ಓರೆಯಾಗುವುದಿಲ್ಲ, ಓರೆಯಾಗಿರುವುದು ತೊಟ್ಟಿ ಎಂದು ನನ್ನ ತಲೆಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಕಿಟಕಿಯ ಕಡೆ ನೀರು ಅಂಚಿಗಿಂತ ಒಂದು ಗೇಣು ಕೆಳಗಿತ್ತು. ಕೋಣೆಯ ನಡುವಿನ ಕಡೆ ಅಂಚಿನ ಹತ್ತಿರಕ್ಕೆ ಬಂದಿತ್ತು. ಅಂಗಳದ ಮೋಟರಿನಿಂದ ಮೇಲೆ ತಂದ ಪೈಪಿನಲ್ಲಿ ಇನ್ನೂ ಧೋ ಎಂದು ಸುರಿಯುತ್ತಲೇ ಇತ್ತು. ಆ ಪೈಪನ್ನು ಹಿಡಿದು ನಮ್ಮ ಅತ್ತೆ ಚಂದ್ರವ್ವ ಸ್ಟೂಲಿನ ಮೇಲೆ ನಿಂತಿದ್ದರು. ಅವರ ಮುಖದ ತುಂಬ ಸಮಾಧಾನ.

“ಇನ್ನೊಂದೀಟು ತುಂಬಲಿ ತಡಿ,” ಅಂದರು. “ಇಷ್ಟು ದೊಡ್ಡದು ಖಾಲಿ ಇಟ್ರ ಹೆಂಗವಾ? ನಳ ಮತ್ತ ಯಾವಾಗ ಬರ್ತೈತೋ ಏನೋ.”

ಶಹಾಪುರದ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವ ದಿನ ಅತ್ತೆ ಮನುಷ್ಯರ ಲೆಕ್ಕದಲ್ಲಿ ಇರುವುದಿಲ್ಲ. ಕೊಡ, ಬಕೀಟು, ಹಂಡೆ, ಕುಕ್ಕರು, ಕಡೆಗೆ ಚಹಾದ ಪಾತ್ರೆಯನ್ನೂ ತುಂಬಿಸಿಯೇ ಉಸಿರು ಬಿಡುತ್ತಾರೆ. ಒಮ್ಮೆ ನನ್ನ ಊಟದ ಡಬ್ಬಿಯಲ್ಲೂ ನೀರು ತುಂಬಿಟ್ಟಿದ್ದರು. ಮಹಡಿಯ ಮೇಲೆ ಎಂಟು ಅಡಿ ಉದ್ದದ ಖಾಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಅಂಥವರಿಗೆ ಸುಮ್ಮನಿರಿ ಅಂದರೆ ಆದೀತೆ? “ಯವ್ವಾ, ಇದಕ ನೀರ ಹಾಕಬ್ಯಾಡ ನೋಡು,” ಎಂದು ನನ್ನ ಗಂಡ ಅಮರ ಬೆಳಿಗ್ಗೆ ಹೇಳಿಯೇ ಹೋಗಿದ್ದ. ಆದರೆ ನಳ ಬಂದಾಗ ಅತ್ತೆಯ ಕಿವಿಗೆ ಯಾರ ಮಾತೂ ಬೀಳುವುದಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೋಟರಿನ ಸದ್ದು ಕೇಳಿದಾಗ ಮಾಳಿಗೆಯ ಟಾಕಿ ತುಂಬುತ್ತಿದೆ ಅಂದುಕೊಂಡೆ. ಒಗೆದದ್ದನ್ನು ಒಣಹಾಕಲು ಮೇಲೆ ಬಂದರೆ ಇದು.

ನನ್ನ ಗಂಡನಿಗೆ ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ಶಿವ ಶಿವಾ, ನಾವು ಲಿಂಗವಂತರು, ನೋಡುವ ಹುಚ್ಚು. ಸಾಲೆ ತಪ್ಪಿಸಿ ಕೋಟೆ ಕೆರೆಯ ದಂಡೆಯಲ್ಲಿ ಕುಳಿತು ಮೀನು ನೋಡುತ್ತಿದ್ದವನಂತೆ. ನೌಕರಿ, ಮದುವೆ ಎಲ್ಲ ಆದರೂ ಅದು ಬಿಡಲಿಲ್ಲ. ಒಬ್ಬ ಮನುಷ್ಯ ಒಳಗೆ ಮಲಗಬಹುದಾದಷ್ಟು ದೊಡ್ಡ ತೊಟ್ಟಿ ಮಾಡಿಸುತ್ತೇನೆ ಅಂದಾಗ ನಾನು ನಕ್ಕಿದ್ದೆ. ಮಾಡಿಸಿಯೇಬಿಟ್ಟ. ನಮ್ಮ ಜಿನೆಯ ಮೆಟ್ಟಿಲು ಇಕ್ಕಟ್ಟು, ಹೀಗಾಗಿ ಓಣಿಯ ಗಂಡಸರೆಲ್ಲ ಸೇರಿ ಹಗ್ಗ ಕಟ್ಟಿ ಗ್ಯಾಲರಿಯ ಕಡೆಯಿಂದ ಅದನ್ನು ಮೇಲೆ ಎಳೆದುಕೊಂಡಿದ್ದರು.

ಮೇಲೆಯೇ ಯಾಕೆ ಅಂದರೆ, ನಮ್ಮ ಮಾವ ಕಲ್ಲಯ್ಯನವರು ಕೆಳಗೆ ಬೇಡ ಅಂದಿದ್ದರು. “ಲಿಂಗಪೂಜಿ ಆಗೂ ಜಾಗಾದಾಗ ಮೀನಾ? ಸಾಕೂ ಮೀನಾದರೇನು, ತಿನ್ನೂ ಮೀನಾದರೇನು. ಬೇಕಂದ್ರ ಮ್ಯಾಲ ಇಟಗೋ,” ಅಂದರು. ಹೀಗೆ ತೊಟ್ಟಿ ಮಹಡಿಗೆ ಹೋಯಿತು. ಮಹಡಿಯಲ್ಲಿ ಬೆಳಕಿರುವ ಜಾಗ ಒಂದೇ, ಕಿಟಕಿಯ ಮಗ್ಗುಲು. ಅದರ ನೇರ ಕೆಳಗೆ, ಹಿಂದೆ ಮಗ್ಗ ಇದ್ದ ಕೋಣೆಯಲ್ಲಿ, ಮಾವ ದಿನಾ ಬೆಳಿಗ್ಗೆ ಪೂಜೆಗೆ ಕೂರುತ್ತಾರೆ. ಕೆಳಗೆ ಮೀನು ಬೇಡ ಅಂದವರ ತಲೆಯ ಮೇಲೆಯೇ ಕೆರೆ ಬಂದು ಕುಳಿತಂತಾಯಿತು.

ನಮ್ಮದು ಹಳೆಯ ಮನೆ. ಮಹಡಿಯ ನೆಲ ಸಾಗವಾನಿ ತೊಲೆಗಳ ಮೇಲೆ ನಿಂತಿದೆ. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಫರಸಿ ಕಲ್ಲು. ತುಂಬಿದ ತೊಟ್ಟಿ ಒಂದೂವರೆ ಟನ್ನಾದರೂ ತೂಗುತ್ತದೆ. ಇಷ್ಟು ಭಾರ ತಡೆಯುತ್ತದೆಯೇ ಎಂದು ನಾನೂ ಕೇಳಿದ್ದೆ, ಮಾವನೂ ಕೇಳಿದ್ದರು. “ನೀವು ಯಾರೂ ಮನ್ಯಾಗ ಇಲ್ಲದಾಗ ಎಂಜಿನಿಯರಗ ಕರಕೊಂಡು ಬಂದು ತೋರಿಸೀನಿ. ಒಂದಲ್ಲ, ಎರಡಿಟ್ರೂ ತಡೀತೈತಿ ಅಂದಾನ,” ಎಂದ ಅಮರ. ಮಾವ ತಲೆಯಾಡಿಸಿದರು, ಮತ್ತೆ ಆ ಮಾತು ಎತ್ತಲಿಲ್ಲ. ದಿನಕ್ಕೊಂದಿಷ್ಟು ನೀರು ಬಿಟ್ಟು ನೆಲ ನೋಡುತ್ತ ಹೋಗೋಣ ಎಂದು ಅಮರ ನನಗೆ ಹೇಳಿದ್ದ. ತೊಟ್ಟಿಯ ತಳಕ್ಕೆ ಹಾಸಲು ಹೊಳೆಯ ಕಲ್ಲು, ಮರದ ಬೇರು ಬೇಕೆಂದು ಆ ದಿನ ರಜೆ ಹಾಕಿ ಖಾನಾಪುರಕ್ಕೆ, ನನ್ನ ತವರಿಗೆ ಹೋಗಿದ್ದ. ನನ್ನ ಅಣ್ಣ ಮುತ್ತಪ್ಪ ಮಲಪ್ರಭೆಯ ದಂಡೆಯಿಂದ ಒಂದು ಚೀಲ ಆರಿಸಿಟ್ಟಿದ್ದ.

“ಅತ್ತಿ, ಮದಲ ಇಳೀರಿ ಕೆಳಗ,” ಅಂದೆ.

ನಾನು ಗೋಡೆಯ ಬಟನ್ ಒತ್ತಿ ಮೋಟರು ಬಂದ್ ಮಾಡಿದೆ. ನೀರಿನ ಸದ್ದು ನಿಂತಿತು. ಆಗ ಇನ್ನೊಂದು ಸದ್ದು ಕೇಳಿಸಿತು. ಕಾಲ ಕೆಳಗೆ, ಒಣ ಕಟ್ಟಿಗೆ ಮುರಿಯುವ ಮೊದಲು ಆಗುವಂಥದ್ದು. ಕಟ್. ಸ್ವಲ್ಪ ಬಿಟ್ಟು ಮತ್ತೆ ಕಟ್. ತೊಟ್ಟಿಯ ಮುಂದಿನ ಎರಡು ಫರಸಿಗಳ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು.

ಅತ್ತೆಯೂ ಕೇಳಿಸಿಕೊಂಡರು. ಸ್ಟೂಲಿನಿಂದ ಇಳಿದು ಸೆರಗಿನ ತುದಿಯನ್ನು ಬಾಯಿಗೆ ಹಚ್ಚಿಕೊಂಡು ನಿಂತರು.

“ಕೆಳಗ ಇವರು ಕುಂತಾರಲ್ಲವಾ,” ಅಂದರು.

ಎಂಜಿನಿಯರು ನೋಡಿದ್ದಾನಲ್ಲ ಎಂಬ ಒಂದೇ ಧೈರ್ಯದಿಂದ ಅಮರನಿಗೆ ಫೋನು ಹಚ್ಚಿದೆ. ಆಚೆ ಖಾನಾಪುರದ ಪೇಟೆಯ ಗದ್ದಲ, ಯಾರೋ ಮರಾಠಿಯಲ್ಲಿ ಜೋರಾಗಿ ನಗುತ್ತಿದ್ದರು.

“ಅತ್ತಿ ಪೂರಾ ತುಂಬ್ಯಾರ್ರೀ. ನೆಲಾ ಕುಸ್ಯಾಕತ್ತೈತಿ. ಆ ಎಂಜಿನಿಯರ್ ನಂಬರ್ ಕೊಡ್ರಿ, ಏನ ಮಾಡೂದು ಕೇಳ್ತೀನಿ.”

ಆ ನಗು ದೂರವಾಯಿತು, ಅವನು ಪಕ್ಕಕ್ಕೆ ಸರಿದಿರಬೇಕು.

“ಕೇಳಸ್ತೈತೇನ್ರಿ?”

“ಅಪ್ಪ ಎಲ್ಲಿ ಅದಾನ?” ಅಂದ. ದನಿ ಬೇರೆಯಾಗಿತ್ತು.

“ಪೂಜಿಗಿ ಕುಂತಾರ.”

“ಎಬ್ಬಸು. ಈಗಿಂದೀಗ ಎಬ್ಬಸು ಪೂರ್ಣಿಮಾ.”

“ಎಂಜಿನಿಯರ್ ತಡೀತೈತಿ ಅಂದಿದ್ದಾನಲ್ಲ.”

“ಯಾರೂ ನೋಡಿಲ್ಲ. ನಾನ ಹಂಗ ಹೇಳಿದ್ದೆ. ಇಲ್ಲಂದ್ರ ಅಪ್ಪ ಬ್ಯಾಡಂತಿದ್ದ.”

ನನ್ನ ಮೈಯೆಲ್ಲ ಉರಿದುಹೋಯಿತು. ಅವನು ಎದುರಿಗಿದ್ದಿದ್ದರೆ ಏನು ಅನ್ನುತ್ತಿದ್ದೆನೋ ಗೊತ್ತಿಲ್ಲ. ಬೈಯಲು ಪುರುಸೊತ್ತು ಇರಲಿಲ್ಲ. ಫೋನು ಇಟ್ಟು, ಪೈಪಿನ ತುದಿಯನ್ನು ತೊಟ್ಟಿಯ ತಳಕ್ಕೆ ಒತ್ತಿ, ಜಾರದಂತೆ ಕಿಟಕಿಯ ಸರಳಿಗೆ ಬಿಗಿದೆ. ಆಮೇಲೆ ಅತ್ತೆಯ ರಟ್ಟೆ ಹಿಡಿದುಕೊಂಡು ಜಿನೆ ಇಳಿದೆ. ಅಂಗಳದಲ್ಲಿ ಮೋಟರಿನಿಂದ ಪೈಪು ಕಿತ್ತುಬಿಟ್ಟರೆ ಮೇಲಿನ ನೀರು ತಾನಾಗಿ ಕೆಳಗೆ ಹರಿಯುತ್ತದೆ. ಕಿತ್ತೆ, ಹರಿಯಿತು. ಆದರೆ ಅದರ ಧಾರೆ ಹೆಬ್ಬೆರಳಿನಷ್ಟು ದಪ್ಪವೂ ಇರಲಿಲ್ಲ. ಈ ವೇಗದಲ್ಲಿ ಅರ್ಧ ಖಾಲಿಯಾಗಲಿಕ್ಕೂ ಬಹಳ ಹೊತ್ತು ಬೇಕು. ಅಷ್ಟು ಹೊತ್ತು ಆ ತೊಲೆ ಕಾಯುವುದಿಲ್ಲ.

“ಅಷ್ಟೂ ನೀರು ಗಟಾರಕ್ಕ ಹೋಗ್ತೈತಿ,” ಅಂದರು ಅತ್ತೆ. ಅಂಥ ಹೊತ್ತಿನಲ್ಲೂ.

ಮಾವ ಕೋಣೆಯ ನಡುವೆ ಜಮಖಾನೆಯ ಮೇಲೆ ಕುಳಿತಿದ್ದರು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ, ಕೈ ಎದೆಯ ಮಟ್ಟಕ್ಕೆ, ಕಣ್ಣು ರೆಪ್ಪೆ ಮಿಟುಕಿಸದೆ ಅದರ ಮೇಲೆ. ಹಾಗೆ ಕುಳಿತ ಮೇಲೆ ಮಾವ ಮಾತಾಡುವುದಿಲ್ಲ, ಏಳುವುದೂ ಇಲ್ಲ. ಅತ್ತೆಯ ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡ ಮೇಲೆಯೇ ಎದ್ದಿದ್ದರಂತೆ. ಮನೆಯಲ್ಲಿ ಯಾರೂ ಅವರನ್ನು ಆ ಹೊತ್ತಿಗೆ ಕೂಗುವುದೇ ಇಲ್ಲ.

“ಮಾವಾರ, ಏಳ್ರಿ. ತೊಲಿ ಮುರಿತೈತಿ,” ಅಂದೆ.

ಅವರು ಕದಲಲಿಲ್ಲ. ಮೇಲೆ ನೋಡಿದೆ. ನಡುವಿನ ತೊಲೆ ಕೆಳಗೆ ಬಾಗಿತ್ತು. ಅದರ ಉದ್ದಕ್ಕೂ ಬಿಳಿಯ ಹೊಸ ಸೀಳು. ಹಲಗೆಯ ಸಂದಿನಿಂದ ಮಣ್ಣು ಸಣ್ಣಗೆ ಉದುರಿ ಅವರ ಬರಿ ಹೆಗಲ ಮೇಲೆ, ವಿಭೂತಿಯ ಮೇಲೆ ಬೀಳುತ್ತಿತ್ತು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಮಗ ಸುಳ್ಳು ಹೇಳುವುದು, ತಾಯಿ ನೀರು ತುಂಬುವುದು, ತಂದೆ ಏಳದಿರುವುದು. ಈ ಮೂವರ ನಡುವೆ ಸಾಯಲಿಕ್ಕೆ ನಾನೊಬ್ಬಳು ಬೇಕಿತ್ತೇ?

“ಮಾವಾರ, ನಿಮ್ಮ ಕಾಲಿಗಿ ಬೀಳ್ತೀನಿ.”

“ಎಬ್ಬಸಬ್ಯಾಡವಾ,” ಎಂದರು ಬಾಗಿಲಲ್ಲಿ ನಿಂತ ಅತ್ತೆ, ಅಳುತ್ತ. “ಪೂಜಿ ಕೆಡತೈತಿ.”

ಮೇಲೆ ಕಟ್ ಅಂತು. ಈ ಸಲ ಜೋರಾಗಿ. ಗಾಜು ಫರಸಿಯ ಮೇಲೆ ಜರುಗಿದ ಸದ್ದೂ ಅದರ ಜೊತೆಗೆ ಬಂತು.

ಎಬ್ಬಿಸಬಾರದು ತಾನೆ? ಎಬ್ಬಿಸುವುದಿಲ್ಲ. ನಾನು ಬಗ್ಗಿ ಜಮಖಾನೆಯ ಎರಡು ಮೂಲೆ ಹಿಡಿದು ಬಾಗಿಲ ಕಡೆಗೆ ಎಳೆದೆ. ಮಾವನದು ಹಗುರ ಶರೀರ, ಆದರೂ ಗಂಡಸು. ಒಂದು ಮೊಳ ಜರುಗಿ ನಿಂತರು. ಮತ್ತೆ ಎಳೆದೆ, ಆಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಎದುರು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ ನಾನು. ಈಗ ಸೆರಗು ಎಲ್ಲಿತ್ತೋ.

“ಅತ್ತಿ, ಹಿಡೀರಿ. ಪೂಜಿ ನಡೀಲಿ, ಜಾಗಾ ಅಷ್ಟ ಬದಲಿಸೂಣು.”

ಅತ್ತೆ ಒಮ್ಮೆ ಮೇಲೆ ನೋಡಿದರು, ಒಮ್ಮೆ ಗಂಡನ ಅಂಗೈ ನೋಡಿದರು. ಆಮೇಲೆ ಒಳಗೆ ಬಂದು ಒಂದು ಮೂಲೆ ಹಿಡಿದರು. ಕೊಡ ಹೊತ್ತು ಗಟ್ಟಿಯಾದ ಕೈ ಅವರವು. ಇಬ್ಬರೂ ಎಳೆದೆವು. ಜಮಖಾನೆ ಫರಸಿಯ ಮೇಲೆ ಸರ್ ಎಂದು ಜಾರಿತು, ಮಾವ ಅದರ ಮೇಲೆ ಕುಳಿತ ಹಾಗೆಯೇ ಬಂದರು, ಕಣ್ಣು ಅಂಗೈಯ ಮೇಲೆಯೇ. ಕೈ ಒಂದಿಷ್ಟೂ ಅಲುಗಲಿಲ್ಲ.

ಹೊಸ್ತಿಲಲ್ಲಿ ಸಿಕ್ಕಿಕೊಂಡೆವು. ಹಳೆಯ ಮನೆಯ ಹೊಸ್ತಿಲು, ಮೊಣಕಾಲಿನ ಅರ್ಧದಷ್ಟು ಎತ್ತರ. ಜಮಖಾನೆ ಅದನ್ನು ಹತ್ತುವುದಿಲ್ಲ. ನಾನು ಹಿಂದಿನಿಂದ ಹೋಗಿ ಮಾವನ ಎರಡೂ ಕಂಕುಳಿಗೆ ಕೈ ಕೊಟ್ಟೆ. ಸೊಸೆಯಾದವಳು ಮಾವನನ್ನು ಮುಟ್ಟಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅತ್ತೆ ಕಾಲು ಹಿಡಿಯಲು ಬಗ್ಗಿದರು. ಅಷ್ಟರಲ್ಲಿ ಮಾವ ತಾವೇ ಎರಡೂ ಮೊಣಕಾಲನ್ನು ಎದೆಯ ಕಡೆಗೆ ಎಳೆದುಕೊಂಡರು. ಏಳಲಿಲ್ಲ, ಮಾತಾಡಲಿಲ್ಲ, ಎತ್ತಲು ಅನುಕೂಲ ಮಾಡಿಕೊಟ್ಟರು ಅಷ್ಟೇ. ನಾವು ಅವರನ್ನು ಎತ್ತಿ ಹೊಸ್ತಿಲು ದಾಟಿಸಿ, ಪಡಸಾಲೆಯ ಆಚೆ ಅಂಗಳದ ಬಿಸಿಲಿನಲ್ಲಿ ಇಳಿಸಿದೆವು. ಅತ್ತೆ ಅಲ್ಲೇ ಕುಸಿದು ಕುಳಿತರು.

ನಾನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತೊಲೆ ಮುರಿಯಿತು. ಆ ಸದ್ದನ್ನು ನಾನು ಇನ್ನೊಮ್ಮೆ ಕೇಳಲಾರೆ. ಹಲಗೆ, ಮಣ್ಣು, ಫರಸಿ, ಅದರ ಹಿಂದೆ ತೊಟ್ಟಿಯ ಒಂದು ಮೂಲೆ; ಆಮೇಲೆ ನೀರು. ನೀರು ಬಾಗಿಲಿನಿಂದ ಹೊರಗೆ ನುಗ್ಗಿ ನಮ್ಮ ಕಾಲಿಗೆ ಬಡಿದು ಅಂಗಳದ ತುಂಬ ಹರಡಿತು. ಮಾವನ ಪೂಜೆಯ ದೀಪದ ಕಂಬ ಗಟಾರದ ಕಡೆಗೆ ಉರುಳಿಹೋಯಿತು. ಅವರು ಕುಳಿತಿದ್ದ ಜಾಗದಲ್ಲಿ ಈಗ ತೊಲೆಯ ತುಂಡು ನೆಟ್ಟಗೆ ನಿಂತಿತ್ತು. ಆಗ ನಾನು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಓಣಿಯವರೆಲ್ಲ ಓಡಿಬಂದರು. ಮಾವ ನೀರಿನ ನಡುವೆಯೇ ಪೂಜೆ ಮುಗಿಸಿದರು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಆಮೇಲೆ ತಿರುಗಿ ಕೋಣೆಯ ಕಡೆ ಬಹಳ ಹೊತ್ತು ನೋಡಿದರು. “ನಿಮಗಿಬ್ಬರಿಗೂ ಗಾಜ ಬಡದಿಲ್ಲ ಹೌದಿಲ್ಲೋ?” ಎಂದು ಕೇಳಿದರು. ಇಲ್ಲ ಅಂದೆವು.

ಅಮರ ಬಂದಾಗ ಮಾವ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಗಾಡಿ ಹೇಗೆ ಹೊಡೆದುಕೊಂಡು ಬಂದನೋ, ಮುಖದಲ್ಲಿ ರಕ್ತವಿರಲಿಲ್ಲ. ಅವನು ಒಳಗೆ ಹೋಗಿ ಕೋಣೆ ನೋಡಿ ಬಂದು ತಂದೆಯ ಮುಂದೆ ನಿಂತ. ಹೆದರಿದ ಗಂಡಸರು ಮಾಡುವುದನ್ನೇ ಮಾಡಿದ, ರೇಗಿದ.

“ಏಳಾಕ ಏನಾಗಿತ್ತಪ್ಪಾ ನಿನಗ? ತೊಲಿ ಅಷ್ಟು ಸಪ್ಪಳಾ ಮಾಡಿದ್ದು ಕೇಳಲಿಲ್ಲೇನ?”

“ಕೇಳಿತು,” ಅಂದರು ಮಾವ. “ಮದಲನೇದರಿಂದ ಕೇಳಿತು. ಎಂಜಿನಿಯರ್ ನೋಡ್ಯಾನ, ಏನೂ ಆಗೂದಿಲ್ಲ ಅಂತ ನೀ ಹೇಳಿದ್ದಿಯಲ್ಲ. ಅದಕ ಕುಂತೆ.” ಒಂದು ಗುಟುಕು ಕುಡಿದರು. “ಆ ಎಂಜಿನಿಯರ್ ಹುಡುಗಗ ಏನೂ ಅನಬ್ಯಾಡ ಮತ್ತ. ಹಳೇ ಕಟ್ಟಿಗಿ ಒಳಗ ಹೆಂಗಿರತೈತಿ ಅಂತ ಅಂವಗರ ಏನ ಗೊತ್ತಾಗಬೇಕು. ಮನಶ್ಯಾನ ಕಣ್ಣು ತಪ್ಪತೈತಿ.”

ಅಮರ ನನ್ನ ಕಡೆ ನೋಡಿದ. ಅವನು ಸುಮ್ಮನಿದ್ದಿದ್ದರೆ ಆ ಇಲ್ಲದ ಎಂಜಿನಿಯರನ ತಲೆಗೆ ಎಲ್ಲ ಕಟ್ಟಿ ಮುಗಿದುಹೋಗುತ್ತಿತ್ತು. ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ.

“ಯಾವ ಎಂಜಿನಿಯರೂ ಬಂದಿದ್ದಿಲ್ಲಪ್ಪಾ,” ಅಂದ ಅಮರ. “ನಾನ ಸುಳ್ಳ ಹೇಳಿದ್ದೆ.”

ಮಾವ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣನ್ನು ಒದ್ದೆಯಾದ ಅಂಗಳದ ಕಡೆಗೆ ತಿರುಗಿಸಿಕೊಂಡರು.

“ಇನ್ನ ಮ್ಯಾಲ ನನಗ ಏನರ ಹೇಳೂದಿದ್ರ ಪೂರ್ಣಿಮಾನ ಕಡಿಂದ ಹೇಳಸಪಾ,” ಅಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಬೆಳಗಿನಿಂದ ಗಂಡನ ಮೇಲೆ ಕುದಿಯುತ್ತಿದ್ದ ನನಗೆ ಆ ಗಳಿಗೆಯಲ್ಲಿ ಅವನ ಮೇಲೆ ಕರುಣೆ ಬಂತು. ಅಮರ ತಂದೆಯಿಂದ ಎರಡು ಮಾರು ದೂರದಲ್ಲಿ, ಕೈ ಎಲ್ಲಿಡಬೇಕು ಎಂದು ತಿಳಿಯದವನಂತೆ ನಿಂತಿದ್ದ. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದ.

“ಅಪ್ಪಗ ಕೇಳು,” ಅಂದ, “ಚಹಾ ಆರಿರಬೇಕು. ಬ್ಯಾರೆ ಮಾಡಿಸಿಕೊಡ್ಲೇನಂತ.”

ನಾನು ಮಾವನನ್ನು ಕೇಳಿದೆ.