ಮಣೆಯ ಮೇಲಿದ್ದವರಿಗೆ ಹೊಡೆಯದ ದೀಪ

ಹಳೇಬೀಡಿನ ಧರಣಪ್ಪನವರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಊಟಕ್ಕೆ ಹುಳ ಬಿದ್ದು ಸತ್ತೀತೆಂದು ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತಿದ್ದರು. ಆಮೇಲೆ ಧರಣಪ್ಪನವರು ಶಾಸ್ತ್ರ ಓದುವಾಗ ಮೇಜಿನ ಕರೆಂಟು ದೀಪಕ್ಕೆ ಮುತ್ತಿ ಸತ್ತ ಹುಳಗಳನ್ನು ಮಾತ್ರ ಮಡಿಯಲ್ಲಿದ್ದವರು ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ನಡುಮನೆ ತೊಳೆದು, ದೀಪ ಹಾಕಿಕೊಂಡು, ಅದರ ತಗಡಿನ ಟೋಪಿಯೊಳಗಿನ ಹುಳ ಒರೆಸುವುದು ಕೆಲಸದ ಗಿಡ್ಡಮ್ಮನ ಪಾಲು. ಮೇಜಿನ ಮುಂದಿನ ಹಲಸಿನ ಮಣೆಯನ್ನು ಅವಳು ತುಳಿಯುವಂತಿರಲಿಲ್ಲ. ಒದ್ದೆ ನೆಲದಲ್ಲಿ ನಿಂತೇ ಕೈ ಚಾಚಬೇಕು.

ಆ ದಿನ ದೀಪ ಅವಳನ್ನು ಗೋಡೆಗೆ ಎಸೆಯಿತು.

"ತಿಂಗಳಿಂದ ಇದೇ ಕಥೆ, ದೀಪ ಹೊಡೀತು ಅಂತ," ಎಂದರು ಧರಣಪ್ಪನವರು. ಅವರ ಹೆಂಡತಿ ಚಂದ್ರಮತಿ ಮಣೆ ಹತ್ತಿ ದೀಪದ ಮೇಲೆ ಅಂಗೈ ಇಟ್ಟು, "ನನಗೇನೂ ಆಗಲಿಲ್ಲವಲ್ಲ ಕಣೇ," ಎಂದರು.

"ಕೆಲಸ ಬೇಡದಿದ್ದರೆ ಬೇಡ ಅನ್ನು. ದೀಪದ ಮೇಲೆ ಯಾಕೆ ಹಾಕ್ತೀಯ? ನಾಳೆಯಿಂದ ಬೇರೆಯವರನ್ನ ನೋಡ್ಕೋತೀವಿ," ಎಂದರು ಧರಣಪ್ಪನವರು.

ಗಿಡ್ಡಮ್ಮ ಜೋಮು ಹಿಡಿದ ತೋಳನ್ನು ಉಜ್ಜಿಕೊಳ್ಳುತ್ತ ಮಣೆಯನ್ನೇ ನೋಡುತ್ತಿದ್ದಳು. "ಸುಳ್ಳು ಹೇಳಿ ನಾನೇನು ಗಂಟು ಕಟ್ಕತೀನಾ ಅಯ್ನೋರೆ? ದೀಪ ಒಂದೇ, ಕೈನೂ ಒಂದೇ ತರ ಐತೆ. ಕಾಲಿಟ್ಟಿರೋ ಜಾಗ ಮಾತ್ರ ಬ್ಯಾರೆ. ಇದ್ಯಾಕೆ ಹಿಂಗೆ ಅಂತ ನಿಮ್ಗೆ ಅನ್ನಿಸಾಕಿಲ್ವಾ?"

ಚಂದ್ರಮತಿಗೆ ಅನ್ನಿಸಿತು. ಕೈಯನ್ನು ದೀಪದ ಮೇಲೆಯೇ ಬಿಟ್ಟು, ಒಂದು ಕಾಲನ್ನು ಒದ್ದೆ ನೆಲದತ್ತ ಇಳಿಬಿಟ್ಟರು.

"ಬ್ಯಾಡಿ ಅಮ್ಮೋರೆ, ಮೊದ್ಲು ಕೈ ತೆಗೀರಿ," ಎಂದಳು ಗಿಡ್ಡಮ್ಮ. "ನಾನು ಬಿದ್ದಂಗೆ ನೀವು ಬೀಳ್ಬ್ಯಾಡಿ."

ಚಂದ್ರಮತಿ ಕೈ ತೆಗೆದರು. ಗಂಡನ ಮುಖ ನೋಡಿ, "ನಟನೆ ಮಾಡೋಳು ನನ್ನ ತಡೀತಿದ್ದಳೇನ್ರೀ?" ಎಂದರು.

ಚಂದ್ರಮತಿ ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನದ ಬಸ್ಸಿಗೆ ಜಾವಗಲ್ಲಿನಿಂದ ಮೋಟಾರು ರಿಪೇರಿಯ ಮರಿಯಣ್ಣ ಬಂದ. ಟೆಸ್ಟರನ್ನು ದೀಪದ ಕಂಬಕ್ಕೆ ತಾಗಿಸಿದ. ಟೆಸ್ಟರಿನ ಹಿಡಿಯೊಳಗೆ ಕೆಂಪು ಬೆಳಕು ಹೊತ್ತಿತು.

"ಮೈಯೆಲ್ಲಾ ಕರೆಂಟೈತೆ." ಅವನು ಸ್ವಿಚ್ ಆರಿಸಿದ್ದು ಸಾಲದೆಂದು ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಆಮೇಲೆ ತಿರುಪು ಬಿಚ್ಚಿದ. ಕಂಬದೊಳಕ್ಕೆ ಹೋಗುವಲ್ಲಿ ವೈರಿನ ರಬ್ಬರು ಸವೆದು ತಾಮ್ರ ತಗಡಿಗೆ ತಾಗಿತ್ತು.

"ಒಂದಿಷ್ಟು ಟೇಪು ಸುತ್ತಿಬಿಡಪ್ಪ," ಎಂದರು ಧರಣಪ್ಪನವರು.

"ಟೇಪು ಬಿಚ್ಕೊಂಡ ದಿನ ಯಾರನ್ನ ಕರೀತೀರಿ ಸ್ವಾಮಿ, ನನ್ನನ್ನೋ, ಹೆಣ ಹೊರೋರನ್ನೋ?" ಮರಿಯಣ್ಣ ಹಳೆಯ ವೈರನ್ನು ಪೂರ್ತಿ ಎಳೆದು ಹಾಕಿದ. ಹೊಸದು ಪೋಣಿಸಿ, ತೂತಿಗೆ ರಬ್ಬರಿನ ಬಳೆ ಕೂರಿಸಿ, ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥ್ ತಂತಿಯೊಂದನ್ನು ದೀಪದ ಮೈಗೆ ಬಿಗಿದು, ಮೂರು ಪಿನ್ನಿನ ಪ್ಲಗ್ಗಿಗೆ ಸೇರಿಸಿದ. ಈಗ ಟೆಸ್ಟರು ಹೊತ್ತಲಿಲ್ಲ.

"ಒಣ ಮಣೆ ಕರೆಂಟನ್ನ ನೆಲಕ್ಕೆ ಬಿಡಾಕಿಲ್ಲ. ಒದ್ದೆ ನೆಲ ಎಳ್ಕಂತದೆ. ಅಮ್ಮೋರನ್ನ ಉಳಿಸಿದ್ದು ಆ ಮಣೆ. ಇವ್ಳು ಇನ್ನೂ ಬದುಕಿರೋದೇ ಹೆಚ್ಚು."

ಧರಣಪ್ಪನವರ ಕಣ್ಣು ಅಡುಗೆಮನೆ ಬಾಗಿಲಲ್ಲಿ ಒಣಗುತ್ತಿದ್ದ ನೀರು ಸೋಸುವ ಬಟ್ಟೆಯ ಮೇಲಿತ್ತು.

ಮರುದಿನ ಗಿಡ್ಡಮ್ಮ ಬಂದಾಗ ನಡುಮನೆಯ ನೆಲ ಒಣಗಿತ್ತು. ಒರೆಸಿದ ಬಟ್ಟೆ ಚಂದ್ರಮತಿಯ ಕೈಯಲ್ಲಿತ್ತು. ದೀಪದ ಪ್ಲಗ್ಗು ಗೋಡೆಯಿಂದ ಹೊರಗಿತ್ತು. ಧರಣಪ್ಪನವರು ತಗಡಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಸತ್ತ ಹುಳಗಳನ್ನು ಒಂದೊಂದಾಗಿ ಹೆಕ್ಕಿ ಎಲೆಗೆ ಹಾಕುತ್ತಿದ್ದರು.

"ಮಡಿ ಕೆಡ್ತದೆ ಅಯ್ನೋರೆ, ಕೊಡಿ ಇಲ್ಲಿ."

"ಕೆಡಲಿ." ಅವರು ತಲೆ ಎತ್ತದೆ, ಮಣೆಯನ್ನು ಅವಳತ್ತ ಸರಿಸಿದರು. "ಕೂತ್ಕೊ. ತೋಳು ಹೆಂಗಿದೆ?"

ಗಿಡ್ಡಮ್ಮ ಮಣೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಕೂತಳು.