ಹಿಂದುಮುಂದಾದ ಇಟ್ಟಿಗೆ

ಇದಕ್ಕೆ ಒಗ್ಗರಣೆ ಹಾಕುವ ಅಗತ್ಯವೇ ಬೀಳಲಿಲ್ಲ, ನಡೆದದ್ದು ಹೀಗೆಯೇ. ದಿಬ್ಬ ಅಗೆಯುವವರೆಲ್ಲ ಏಪ್ರಿಕಾಟ್ ಮರದಡಿ ಊಟಕ್ಕೆ ಸೇರಿದ್ದಾಗ ಕುಂಬಾರ ಮೇಸ್ತ್ರಿ ಹಮ್ರಾಕುಲ್ ಉಸ್ತಾ ದಿಬ್ಬದೊಳಗಿನ ಹಳೆಯ ಆವಿಗೆಗೆ ಇಳಿದ. ಅದರ ನೆಲದಲ್ಲಿ ಸಡಿಲಾಗಿದ್ದ ಇಟ್ಟಿಗೆಯೊಂದನ್ನು ಚಾಕುವಿನಿಂದ ಮೀಟಿ, ಹಿಂದಿನ ತುದಿ ಮುಂದಕ್ಕೆ ಬರುವಂತೆ ತಿರುಗಿಸಿ, ಮತ್ತೆ ಅಲ್ಲೇ ಕೂರಿಸಿದ. ಮೇಲೆ ಬೂದಿ ಸವರಿದ. ಆಮೇಲೆ ಬಂದು ಪಲಾವ್ ತಿಂದ, ಎಂದಿಗಿಂತ ಒಂದು ಹಿಡಿ ಹೆಚ್ಚೇ.

ಬೆಳಿಗ್ಗೆ ಆದ ಗಾಯಕ್ಕೆ ಇದು ಮುಲಾಮು. ತಾಷ್ಕೆಂಟಿನಿಂದ ಬಂದಿದ್ದ ಸಂಶೋಧಕಿ ಸಾನೋಬರ್ ಎಲ್ಲರಿಗೂ ವಿವರಿಸಿದ್ದಳು: ಮಣ್ಣು ಸುಟ್ಟು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಉತ್ತರಕ್ಕೆ ಮುಖಮಾಡಿ, ನೆಲದತ್ತ ವಾಲಿ ನಿಂತುಬಿಡುತ್ತವೆ. ದಿಕ್ಸೂಚಿಯ ಉತ್ತರವೋ ಕಾಲಕಾಲಕ್ಕೆ ಅತ್ತಿತ್ತ ಸರಿಯುತ್ತದೆ. ಇಟ್ಟಿಗೆ ಯಾವ ಉತ್ತರವನ್ನು ನೋಡುತ್ತಿದೆ ಎಂದು ತಿಳಿದರೆ ಆವಿಗೆ ಕೊನೆಗೆ ಉರಿದ ಕಾಲ ಸಿಗುತ್ತದೆ.

"ಮಣ್ಣಿಗೆ ಅಷ್ಟೊಂದು ನೆನಪಾ, ತಂಗೀ?" ಎಂದಿದ್ದ ಉಸ್ತಾ. "ನಲವತ್ತು ವರ್ಷದಿಂದ ತುಳೀತಿದ್ದೀನಿ. ಒಂದ್ಸಲಾನೂ ಹೆಂಗಿದ್ದೀಯ ಅಂತ ಕೇಳಿಲ್ಲ."

"ನೀವು ತುಳಿಯೋದು ನಿಲ್ಸಿದ್ರೆ ತಾನೇ ಉಸ್ತಾ, ಅದು ಬಾಯಿ ಬಿಡೋದು?"

ಸುತ್ತಲಿದ್ದವರು ಗೊಳ್ಳೆಂದರು. ಕೋಜಾತೆಪಾ ಊರಿನಲ್ಲಿ ಉಸ್ತಾನಿಗೆ ಎದುರುಮಾತು ಕೊಟ್ಟವರನ್ನು ಯಾರೂ ಕಂಡಿರಲಿಲ್ಲ. ಊರಿನವರ ನಡಿಗೆ, ಕೆಮ್ಮು, ಸೀನು ಎಲ್ಲವೂ ಅವನ ಅಣಕದ ಚೀಲದಲ್ಲಿದ್ದವು.

ಊಟವಾದ ಮೇಲೆ ಸಾನೋಬರ್ ಹನ್ನೆರಡು ಇಟ್ಟಿಗೆಗಳ ನೆತ್ತಿಗೆ ಗಾರೆ ಸುರಿದು, ಮಟ್ಟ ನೋಡಿ, ಸೂರ್ಯನ ನೆರಳು ಹಿಡಿದು ಉತ್ತರದ ಬಾಣ ಗೀಚಿ, ತಾಷ್ಕೆಂಟಿಗೆ ಒಯ್ಯಲು ಕೀಳಿಸಿದಳು. ಅವಳ ಬೆನ್ನ ಹಿಂದೆ ಉಸ್ತಾ ಒಂದು ಕಣ್ಣು ಮುಚ್ಚಿ, ಕೊಕ್ಕರೆಯ ಹಾಗೆ ಕತ್ತು ಚಾಚಿ ಅವಳನ್ನೇ ಅಣಕಿಸಿದ. ಆವಿಗೆಯ ವಯಸ್ಸು ಖಚಿತವಾಗದಿದ್ದರೆ ವಸಂತದಲ್ಲಿ ದಿಬ್ಬವನ್ನು ಸಮಮಾಡಿ ಹತ್ತಿ ಬಿತ್ತುತ್ತಾರೆಂಬುದು ಅವನಿಗೂ ಗೊತ್ತಿತ್ತು. ಅವನ ಅಜ್ಜ, ಮುತ್ತಜ್ಜ ಈ ದಿಬ್ಬದ ಮಗ್ಗುಲಿನ ಜೇಡಿಯಿಂದಲೇ ಬಟ್ಟಲು ತಿರುಗಿಸಿದವರು. ಹನ್ನೆರಡರಲ್ಲಿ ಒಂದು ತಾನೆ, ಏನಾದೀತು ಎಂದುಕೊಂಡ.

ಮಾರ್ಚಿನಲ್ಲಿ ಅವಳು ಮತ್ತೆ ಬಂದು ಚಾಯ್‌ಖಾನೆಯ ಮಂಚದ ಮೇಲೆ ಜೋಲುಮುಖ ಹಾಕಿಕೊಂಡು ಕೂತಳು.

"ಹನ್ನೊಂದು ಇಟ್ಟಿಗೆ ಉತ್ತರ ಅಂತಾವೆ, ಉಸ್ತಾ. ಒಂದು ಮಾತ್ರ ದಕ್ಷಿಣ ಅಂತ ಹಟ ಹಿಡಿದಿದೆ. ಸಾಕ್ಷಿಗಳೇ ಕಿತ್ತಾಡಿದ್ರೆ ಕಚೇರಿಯವರು ಒಪ್ತಾರಾ? ನಾಳೆ ಬುಲ್ಡೋಜರ್ ಕಳಿಸ್ತಾರಂತೆ."

"ಆ ಒಂದನ್ನ ಕಾಲುವೆಗೆ ಎಸೀರಿ," ಎಂದ ಚಹಾ ಹಂಚುತ್ತಿದ್ದ ಎರ್ಗಶ್.

"ಕಾರಣ ಗೊತ್ತಿಲ್ದೆ ಎಸೆದ್ರೆ ಸುಳ್ಳು ಬರೆದ ಹಾಗಾಗತ್ತೆ. ಭೂಮಿಯ ಉತ್ತರಾನೇ ಆಗ ಮಗುಚಿತ್ತೇನೋ, ಯಾರು ಕಂಡಿದ್ದಾರೆ?"

ಉಸ್ತಾ ಬುಲ್ಡೋಜರಿನ ಸದ್ದನ್ನು ಅಣಕಿಸಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಚಹಾದ ಬಟ್ಟಲನ್ನು ಕೆಳಗಿಟ್ಟ. ಅವನು ಟೋಪಿ ತೆಗೆದು ಎದ್ದುನಿಂತ.

"ಭೂಮಿ ಮಗುಚಲಿಲ್ಲ ತಂಗೀ. ನಾನೇ ತಿರುಗಿಸಿದ್ದು. ಅವತ್ತು ಎಲ್ಲರೆದುರು ನಗಿಸಿಬಿಟ್ಟೆಯಲ್ಲ, ಆ ಉರಿಗೆ. ಹಮ್ರಾಕುಲ್ ಶುದ್ಧ ಕತ್ತೆ ಅಂತ ಬರ್ಕೋ. ಕೆಳಗೆ ರುಜು ಹಾಕ್ತೀನಿ."

ಸಾನೋಬರ್ ಚೀಲದಿಂದ ಕಚೇರಿಯ ಮೊಹರು ಬಿದ್ದ ಕಾಗದ ತೆಗೆದು ಅವನ ಕೈಗಿತ್ತಳು. ಉಸ್ತಾ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ಒಂದು ಇಟ್ಟಿಗೆಯನ್ನು ಇತ್ತೀಚೆಗೆ ಯಾರೋ ಕಿಡಿಗೇಡಿ ತಿರುಗಿಸಿದ್ದರಿಂದ... ಲೆಕ್ಕಕ್ಕೆ ಹಿಡಿದಿಲ್ಲ. ಆವಿಗೆ ಸುಮಾರು ಸಾವಿರ ವರ್ಷದ್ದು. ದಿಬ್ಬವನ್ನು ಯಾರೂ... ಮುಟ್ಟತಕ್ಕದ್ದಲ್ಲ."

"ಮೊನ್ನೆಯೇ ಮೊಹರು ಬಿತ್ತು. ಬುಲ್ಡೋಜರ್ ಬರೋದೇ ಇಲ್ಲ," ಎಂದಳು.

"ಮತ್ತೆ ನಿಂಗೆ ಹೆಂಗೆ...?"

"ಅವತ್ತು ಊಟಕ್ಕೆ ತಡವಾಗಿ ಬಂದೋರು ನೀವೊಬ್ಬರೇ. ಅಲ್ದೆ ಉತ್ತರಾನೇ ಮಗುಚಿದ್ರೆ ಕಣಗಳೆಲ್ಲ ಆಕಾಶದ ಕಡೆ ವಾಲಿರ್ಬೇಕಿತ್ತು. ನಿಮ್ಮ ಇಟ್ಟಿಗೇದು ಉಳಿದ ಹನ್ನೊಂದರ ಹಾಗೇ ನೆಲಕ್ಕೆ ವಾಲಿದೆ. ದಿಕ್ಕು ತಪ್ಪಿದ್ರೂ ಪಾಪ, ನಾಚಿಕೆ ಬಿಟ್ಟಿಲ್ಲ."

ಹಾಗೆಂದು ಅವಳು ಎದ್ದಳು. ಹೊಟ್ಟೆ ಮುಂದೆ ಮಾಡಿ, ಮೊಣಕಾಲು ಅಗಲಿಸಿ, ಕಳ್ಳಬೆಕ್ಕಿನಂತೆ ಅತ್ತಿತ್ತ ನೋಡುತ್ತ ಕುಕ್ಕರಗಾಲಲ್ಲಿ ಕೂತು, ಇಲ್ಲದ ಚಾಕುವಿನಿಂದ ಇಲ್ಲದ ಇಟ್ಟಿಗೆಯನ್ನು ಮೀಟಿದಳು. ಸಾಕ್ಷಾತ್ ಹಮ್ರಾಕುಲ್!

ಎಲ್ಲರೂ ಉಸ್ತಾನ ಮುಖ ನೋಡಿದರು. ಅದು ಮೊದಲು ಕೆಂಪಾಯಿತು, ಆಮೇಲೆ ಗದ್ದ ನಡುಗಿತು. ಮರುಕ್ಷಣ ಚಾಯ್‌ಖಾನೆಯೇ ಬಿದ್ದು ಬಿದ್ದು ನಗತೊಡಗಿತು. ಅದೆಲ್ಲದರ ಮೇಲೆ ಉಸ್ತಾನ ನಗು ಎಷ್ಟು ಜೋರಾಗಿ ಎದ್ದಿತೆಂದರೆ, ಸೂರಿಗೆ ತೂಗುಹಾಕಿದ್ದ ಪಂಜರದ ಲಾವಕ್ಕಿ ಕೂಗು ನಿಲ್ಲಿಸಿ ಕತ್ತು ಓರೆಮಾಡಿ ಅವನನ್ನೇ ನೋಡಿತು.